ಮೊದಲು ನೀರಿನ ದಾರಿ, ಆಮೇಲೆ ಬಣ್ಣ: ಹಳೆಯ ಮನೆಯ ಹಿಂಬದಿ ಕೋಣೆಯ ದುರಸ್ತಿ

ಹಿಂಬದಿಯ ಕೋಣೆಗೆ ಒಂದು ಸಲ ಬಣ್ಣ ಹೊಡೆದರೆ ಸಾಕು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಬಹಳ ವರ್ಷಗಳಿಂದ ಮುರಿದ ಕುರ್ಚಿಗಳಿಗೆ, ಹಳೆಯ ಟ್ರಂಕುಗಳಿಗೆ, ಕಟ್ಟಿಟ್ಟ ಪತ್ರಿಕೆಗಳಿಗೆ ಬಿಟ್ಟುಕೊಟ್ಟಿದ್ದ ಕೋಣೆ ಅದು. ಸಾಮಾನೆಲ್ಲ ಹೊರಗೆ ಸಾಗಿಸಿ ಗೋಡೆಯನ್ನು ನೇರ ಬೆಳಕಿನಲ್ಲಿ ನೋಡಿದ ಮೇಲೆ ಬಣ್ಣದ ಮಾತನ್ನು ಬದಿಗಿಟ್ಟೆವು. ನೆಲದಿಂದ ಸೊಂಟದೆತ್ತರದವರೆಗೆ ಎಣ್ಣೆಬಣ್ಣ ಗುಳ್ಳೆ ಎದ್ದಿತ್ತು. ಗುಳ್ಳೆ ಒಡೆದ ಕಡೆ ಹತ್ತಿಯಂತಹ ಬಿಳಿ ಎಳೆಗಳು ಹೊರಚಾಚಿದ್ದವು. ಕಿಟಕಿ ತೆರೆಯುತ್ತಿರಲಿಲ್ಲ. ಮೇಲಿನ ಹಲಗೆಗಳಲ್ಲಿ ಕಂದು ಕಲೆ, ಮೂಲೆಯಲ್ಲಿ ಕಪ್ಪು ಬೂಷ್ಟು.

ಇಂಥ ಕೋಣೆಯಲ್ಲಿ ಬಣ್ಣ ಕೊನೆಯ ಕೆಲಸ, ಎಲ್ಲಕ್ಕಿಂತ ಹಗುರವಾದ ಕೆಲಸವೂ ಹೌದು. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಂದ ಹೊರಹೋಗಲಾಗದೆ ಒಳಗೇ ಉಳಿದಿದೆ ಎಂದು ತಿಳಿಯದೆ ಹೊಡೆದ ಬಣ್ಣ ಎಷ್ಟೇ ಒಳ್ಳೆಯದಿದ್ದರೂ ಮತ್ತೆ ಗುಳ್ಳೆ ಏಳುತ್ತದೆ. ಆದ್ದರಿಂದ ಈ ದಾಖಲೆಯ ಹೆಚ್ಚಿನ ಭಾಗ ಬಣ್ಣದ ಬಗ್ಗೆ ಇಲ್ಲ.

ಮುಟ್ಟುವ ಮೊದಲು ಆ ಕೋಣೆಯ ವಿದ್ಯುತ್ ಸಂಪರ್ಕವನ್ನು ಮುಖ್ಯ ಫಲಕದಲ್ಲೇ ಕಡಿದೆವು. ತೇವದ ಗೋಡೆಯೊಳಗೆ ಹಳೆಯ ತಂತಿ ಇರುವಾಗ ಉಳಿ ಸುತ್ತಿಗೆ ಹಿಡಿಯಬಾರದು. ತಂತಿ ಬದಲಿಸುವ ಕೆಲಸವನ್ನು ಅದನ್ನು ಬಲ್ಲವರಿಗೇ ಒಪ್ಪಿಸಿದೆವು.

ಗೋಡೆ ಒದ್ದೆಯಾಗಿದೆ ಎಂದು ಹೇಳಲು ಉಪಕರಣ ಬೇಕಿಲ್ಲ, ಅಂಗೈ ಇಟ್ಟರೆ ಸಾಕು. ಆದರೆ ತೇವ ಬರುವ ದಾರಿಗಳು ಮೂರು. ಅಡಿಪಾಯದಿಂದ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಬಹುದು. ಮಳೆನೀರು ಹೊರಗಿನಿಂದ ಒಳಕ್ಕೆ ಇಳಿಯಬಹುದು. ಕೋಣೆಯ ಗಾಳಿಯಲ್ಲೇ ಇರುವ ತೇವಾಂಶ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಕೆಡುಕಾಗುವುದೂ ಉಂಟು.

ಸುಮಾರು 30 ಸೆಂಟಿಮೀಟರ್ ಚದರದ ಪ್ಲಾಸ್ಟಿಕ್ ಹಾಳೆಗಳನ್ನು ಗೋಡೆಯ ಬೇರೆ ಬೇರೆ ಎತ್ತರಗಳಲ್ಲಿ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಒಂದೆರಡು ದಿನ ಹಾಗೇ ಬಿಡಬೇಕು. ಹನಿಗಳು ಹಾಳೆಯ ಹಿಂದೆ, ಗೋಡೆಯ ಕಡೆ ಕಂಡರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಯ ಮುಖದಲ್ಲಿ ಕಂಡರೆ ಅದು ಗಾಳಿಯ ತೇವ. ನಮ್ಮ ಕೋಣೆಯಲ್ಲಿ ಕೆಳಗಿನ ಹಾಳೆಗಳೆಲ್ಲ ಹಿಂದಿನಿಂದ ಬೆವರಿದ್ದವು, ಮೇಲಿನವು ಒಣಗಿದ್ದವು. ಬೂಷ್ಟು ಹಿಡಿದ ಮೂಲೆಯ ಹಾಳೆಗೆ ಮಾತ್ರ ಮುಂದಿನಿಂದ ಮಬ್ಬು ಹಿಡಿದಿತ್ತು. ಅಂದರೆ ಎರಡು ರೋಗ: ಕೆಳಗೆ ನೆಲದ ನೀರು, ಮೂಲೆಯಲ್ಲಿ ಗಾಳಿಯಾಡದ ಉಸಿರುಕಟ್ಟು.

ನಂತರ ಗೋಡೆಯನ್ನು ತಟ್ಟಿ ನೋಡುವ ಕೆಲಸ. ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಗಿಲಾವು ಗಟ್ಟಿಯಾಗಿಯೇ ಮಾತಾಡುತ್ತದೆ. ಇಟ್ಟಿಗೆಯಿಂದ ಬಿಟ್ಟುಕೊಂಡದ್ದು ಟೊಳ್ಳು ಸದ್ದು ಕೊಡುತ್ತದೆ. ಟೊಳ್ಳು ಕೇಳಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದೆ. ಇದು ಬಹಳ ಮುಖ್ಯ. ಗೋಡೆ ಇಡೀ ಕೆಟ್ಟಿದೆ ಎಂದುಕೊಂಡು ಎಲ್ಲವನ್ನೂ ಕೆಡವಿದರೆ ತಲೆಮಾರುಗಳ ಕಾಲ ಬಾಳಬಹುದಾದ ಗಿಲಾವನ್ನೂ ಕಳೆದುಕೊಳ್ಳುತ್ತೇವೆ. ಗೆರೆ ಎಳೆದು ಮುಗಿಸಿ ದೂರ ನಿಂತು ನೋಡಿದಾಗ ಕೆಟ್ಟ ಭಾಗವೆಲ್ಲ ಕೆಳಗಿನ ಪಟ್ಟಿಯಲ್ಲೇ ಇತ್ತು. ಮೇಲೆ ಅಲ್ಲಲ್ಲಿ ಕೆಲವು ತೇಪೆಗಳು, ಅಷ್ಟೆ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕೊಂದಿತ್ತು. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ಪಕ್ಕದಲ್ಲಿ ತಾರೀಕು ಬರೆದೆ. ನಡುವೆ ಗಾಜಿನ ತೆಳು ತುಂಡೊಂದನ್ನು ಬಿರುಕಿನ ಎರಡೂ ದಡಕ್ಕೆ ಅಂಟಿಸಿದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ. ಬೇರೆ ಕೆಲಸಗಳೆಲ್ಲ ನಡೆಯುವಷ್ಟು ಕಾಲ ಗಾಜು ಹಾಗೇ ಉಳಿಯಿತು, ಬಿರುಕು ಗುರುತು ದಾಟಲಿಲ್ಲ. ಅದು ಹಳೆಯ ಕುಸಿತದ ಗಾಯ, ಈಗ ಜೀವವಿಲ್ಲದ್ದು ಎಂದು ತೀರ್ಮಾನಿಸಿ ತುಂಬಿದೆವು. ಗಾಜು ಒಡೆದಿದ್ದರೆ, ಅಥವಾ ಬಿರುಕು ಬೆರಳು ಹೋಗುವಷ್ಟು ಅಗಲವಾಗಿದ್ದರೆ, ಕಟ್ಟಡದ ಭಾರ ಬಲ್ಲ ಎಂಜಿನಿಯರನ್ನು ಕರೆಯದೆ ಮುಂದುವರಿಯುವಂತಿರಲಿಲ್ಲ.

ಗಾರೆ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಬಂದು ಗೋಡೆಯ ಬುಡ ನೋಡಿದರು. ಒಳಗೂ ಹೊರಗೂ ಯಾವಾಗಲೋ ಹಚ್ಚಿದ್ದ ಸಿಮೆಂಟಿನ ಪಟ್ಟಿಯ ಮೇಲೆ ಕೈಯಾಡಿಸಿ, "ಮೊದಲು ಇದನ್ನು ಬಿಚ್ಚಿ. ಹಿಂದೆ ಏನಿದೆ ಎಂದು ನೋಡದೆ ನಾನು ಏನೂ ಹೇಳುವುದಿಲ್ಲ" ಎಂದರು. ನಂತರ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಮಣ್ಣಿನ ಮಟ್ಟ ತೋರಿಸಿದರು. ವರ್ಷವರ್ಷವೂ ಎಲೆ, ಕಸ, ಹೂವಿನ ಪಾತಿಯ ಮಣ್ಣು ಸೇರಿ ಹೊರಗಿನ ನೆಲ ಕೋಣೆಯ ನೆಲಕ್ಕಿಂತ ಎತ್ತರಕ್ಕೆ ಬೆಳೆದಿತ್ತು. ಜೊತೆಗೆ ಮಳೆನೀರಿನ ಕೊಳವೆಯ ಒಂದು ಕೀಲು ಬಿಟ್ಟು, ಮಾಡಿನ ನೀರೆಲ್ಲ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಗೋಡೆಯ ತಪ್ಪೇನೂ ಇರಲಿಲ್ಲ. ಅದು ನೀರಿನಲ್ಲೇ ನಿಂತಿತ್ತು.

ಆದ್ದರಿಂದ ಕೋಣೆಯ ದುರಸ್ತಿ ಹೊರಗಿನಿಂದ ಆರಂಭವಾಯಿತು. ಗೋಡೆಯ ಉದ್ದಕ್ಕೂ ಮಣ್ಣು ತೆಗೆದು, ಒಳನೆಲಕ್ಕಿಂತ 15ರಿಂದ 20 ಸೆಂಟಿಮೀಟರ್ ಕೆಳಗೆ ಇರುವಂತೆ ಇಳಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಟ್ಟೆವು. ಅಡಿಪಾಯದ ತಳದ ಮಟ್ಟದವರೆಗೆ ಅಗೆಯಬಾರದು, ಗೋಡೆಯ ಆಧಾರವೇ ಸಡಿಲವಾದೀತು. ಕೊಳವೆಯ ಕೀಲು ಸರಿಪಡಿಸಿ, ಅದರ ಬಾಯಿಯನ್ನು ಮನೆಯಿಂದಾಚೆಗೆ ತಿರುಗಿಸಿದೆವು. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಗುದ್ದಲಿ ಹಿಡಿದ ಈ ಕೆಲಸವೇ.

ಸಿಮೆಂಟಿನ ಪಟ್ಟಿ ಬಿಚ್ಚುವಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಉಳಿಯನ್ನು ಗೋಡೆಗೆ ನೇರವಾಗಿ ಹೊಡೆಯದೆ ಓರೆಯಾಗಿ ಇಟ್ಟು, ಟೊಳ್ಳು ಕಂಡ ಅಂಚಿನಿಂದ ಎಬ್ಬಿಸುತ್ತ ಹೋದೆವು. ಅಂಗೈ ಅಗಲದ ಚಕ್ಕೆಗಳು ಸಲೀಸಾಗಿ ಕಳಚಿದವು. ಚಕ್ಕೆಯ ಹಿಂಬದಿಗೆ ಇಟ್ಟಿಗೆಯ ಮುಖದ ಕೆಂಪು ಪುಡಿ ಅಂಟಿಕೊಂಡಿತ್ತು. ಸಿಮೆಂಟು ಹೊರಡುವಾಗ ಇಟ್ಟಿಗೆಯ ಚರ್ಮವನ್ನೂ ಎಳೆದುಕೊಂಡು ಬಂದಿತ್ತು. ಒಳಗಿನ ಇಟ್ಟಿಗೆ ಕಡುಗೆಂಪಗೆ ನೆನೆದಿತ್ತು. ಸಂದುಗಳ ಸುಣ್ಣದ ಗಾರೆ ಬೆರಳು ತಾಗಿಸಿದರೆ ಉದುರುವಷ್ಟು ಮೆತ್ತಗಾಗಿತ್ತು. ಸಿಮೆಂಟು ನೀರನ್ನು ಒಳಗೆ ಬಿಡುವುದಿಲ್ಲ ಎಂದು ಹಚ್ಚಿದ್ದರು. ಅದು ನೀರನ್ನು ಹೊರಗೂ ಬಿಡಲಿಲ್ಲ. ಮೇಲೆ ಎಣ್ಣೆಬಣ್ಣದ ಪೊರೆ ಬೇರೆ. ಆವಿಯಾಗಲು ಜಾಗ ಸಿಗದ ನೀರು ಸಿಮೆಂಟಿನ ಎತ್ತರ ದಾಟುವವರೆಗೂ ಮೇಲೇರುತ್ತಲೇ ಹೋಗಿತ್ತು.

ಬಿಳಿ ಎಳೆಗಳು ಉಪ್ಪು. ಮಣ್ಣಿನಿಂದ, ಇಟ್ಟಿಗೆಯಿಂದ, ಸಿಮೆಂಟಿನಿಂದ ನೀರು ಕರಗಿಸಿ ತಂದ ಸಲ್ಫೇಟ್, ನೈಟ್ರೇಟ್, ಕ್ಲೋರೈಡ್‌ಗಳು ನೀರು ಆವಿಯಾದ ಜಾಗದಲ್ಲಿ ಹರಳುಗಟ್ಟುತ್ತವೆ. ಹರಳು ಬೆಳೆಯುವಾಗಿನ ಒತ್ತಡವೇ ಗಿಲಾವನ್ನು ಒಳಗಿನಿಂದ ಒಡೆಯುವುದು. ಒದ್ದೆ ಬಟ್ಟೆಯಿಂದ ಒರೆಸಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಸೇರುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಗುಡಿಸಿ, ಕೋಣೆಯಿಂದಲೇ ಹೊರಗೆ ಹಾಕಬೇಕು. ಬಹಳ ಉಪ್ಪಿದ್ದ ಕಡೆ ಕಾಗದದ ತಿರುಳನ್ನು ಶುದ್ಧ ನೀರಿನಲ್ಲಿ ಕಲಸಿ, ದಪ್ಪವಾಗಿ ಮೆತ್ತಿ, ಪೂರ್ತಿ ಒಣಗಲು ಬಿಟ್ಟೆವು. ಒಣಗುವಾಗ ನೀರಿನೊಂದಿಗೆ ಉಪ್ಪೂ ತಿರುಳಿನೊಳಕ್ಕೆ ಬರುತ್ತದೆ. ಆ ತಿರುಳನ್ನು ಕಿತ್ತು ಎಸೆದು ಮತ್ತೆ ಮೆತ್ತಬೇಕು. ನೈಟ್ರೇಟ್ ಉಳಿದಿರುವ ಗೋಡೆ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಹಾಗಾಗಿ ನೆಲದ ನೀರು ನಿಂತ ಮೇಲೂ ಮೋಡ ಕವಿದ ದಿನ ಗೋಡೆ ಒದ್ದೆಯಂತೆ ಕಂಡರೆ ಗಾಬರಿಯಾಗಬೇಕಿಲ್ಲ.

ಆಮೇಲೆ ಕಾಯುವುದು. ಒದ್ದೆ ಗೋಡೆ ಒಣಗಲು ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬ ಅಂದಾಜು ಕಟ್ಟಡ ಕೆಲಸದವರಲ್ಲಿ ಇದೆ. ಗಡಿಯಾರದಂತೆ ನಡೆಯುವ ಲೆಕ್ಕವಲ್ಲ ಅದು, ಆದರೆ ಅವಸರಕ್ಕೆ ಕಡಿವಾಣ ಹಾಕುತ್ತದೆ. ಬಿಸಿಗಾಳಿ ಯಂತ್ರ ಇಟ್ಟು ಒಣಗಿಸಿದರೆ ಮೇಲ್ಮೈ ಮಾತ್ರ ಒಣಗಿ ಒಳಗೆ ನೀರು ಉಳಿಯುತ್ತದೆ. ತೆರೆದ ಕಿಟಕಿ, ತೆರೆದ ಬಾಗಿಲು, ಗೋಡೆಯ ಉದ್ದಕ್ಕೆ ಬೀಸುವ ಫ್ಯಾನು ಇಷ್ಟೇ ಸಾಕು.

ಕಿಟಕಿ ತೆರೆಯಬೇಕಾದರೆ ಮೊದಲು ಕಿಟಕಿಯನ್ನೇ ರಿಪೇರಿ ಮಾಡಬೇಕಿತ್ತು. ಬಣ್ಣದ ಮೇಲೆ ಬಣ್ಣ ಕೂತು ಬಾಗಿಲು ಚೌಕಟ್ಟಿಗೆ ಅಂಟಿಹೋಗಿತ್ತು. ಸಂದಿನುದ್ದಕ್ಕೂ ಹರಿತವಾದ ಚಾಕು ಎಳೆದು ಪೊರೆ ಕತ್ತರಿಸಿ, ಅಗಲವಾದ ಪಟ್ಟಿಯನ್ನು ತೂರಿಸಿ, ಮೀಟದೆ ಮೆಲ್ಲಗೆ ತಿರುಚುತ್ತ ಬಿಡಿಸಿದೆ. ಹಳೆಯ ಎಣ್ಣೆಬಣ್ಣದ ಬಗ್ಗೆ ಇಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತಿದೆ: ಅದರಲ್ಲಿ ಸೀಸ ಇದೆ ಎಂದೇ ತಿಳಿದು ನಡೆದುಕೊಳ್ಳಿ. ಇಂದು ಹಲವು ದೇಶಗಳಲ್ಲಿ ಬಣ್ಣದೊಳಗಿನ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗ ಎಂಬ ಮಿತಿಯಿದೆ. ಹಿಂದಿನ ಬಣ್ಣಗಳಲ್ಲಿ ಅದು ತೂಕದ ಶೇಕಡಾ ಲೆಕ್ಕದಲ್ಲೇ ಇರುತ್ತಿತ್ತು. ಒಣಗಿದ್ದಾಗ ಉಜ್ಜಬಾರದು, ಬೆಂಕಿಯ ಜ್ವಾಲೆ ಹಿಡಿದು ಸುಡಬಾರದು. ಮೇಲ್ಮೈಗೆ ನೀರು ಸಿಂಪಡಿಸಿ ಒದ್ದೆ ಮಾಡಿಕೊಂಡೇ ಹೆರೆದೆವು. ಸೂಕ್ಷ್ಮ ಧೂಳು ತಡೆಯುವ ಮುಖಗವಸು ಹಾಕಿಕೊಂಡೆವು. ನೆಲಕ್ಕೆ ಹಾಸಿದ ದಪ್ಪ ಪ್ಲಾಸ್ಟಿಕ್‌ನಲ್ಲೇ ಚೂರನ್ನೆಲ್ಲ ಮಡಚಿ ಕಟ್ಟಿದೆವು. ಆ ದಿನಗಳಲ್ಲಿ ಮಕ್ಕಳಿಗೆ ಮನೆಯ ಆ ಭಾಗಕ್ಕೇ ಪ್ರವೇಶ ಇರಲಿಲ್ಲ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

ಕೀಲುಗಳ ತಿರುಪುಗಳು ಬಣ್ಣದಲ್ಲಿ ಹೂತುಹೋಗಿದ್ದವು. ತಿರುಪಿನ ತಲೆಯ ಗೀಟನ್ನು ಮೊಳೆಯ ಮೊನೆಯಿಂದ ಕೆದಕಿ ಸ್ವಚ್ಛ ಮಾಡಿ, ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಒಂದು ಸಣ್ಣ ಏಟು ಕೊಟ್ಟು, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ಆಮೇಲೆ ಸಡಿಲಿಸಿದರೆ ಎಂಥ ಹಟಮಾರಿ ತಿರುಪೂ ಬರುತ್ತದೆ. ಚಿಲಕ, ಕೀಲುಗಳನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿಟ್ಟೆವು. ಬಣ್ಣದ ಪದರ ಚಕ್ಕಳದಂತೆ ಎದ್ದುಬಂತು, ಕೆಳಗೆ ಹಿತ್ತಾಳೆ! ಅದನ್ನು ಮತ್ತೆ ಬಣ್ಣದಲ್ಲಿ ಮುಳುಗಿಸುವ ಮನಸ್ಸು ಯಾರಿಗೂ ಬರಲಿಲ್ಲ. ನೆನೆಸಲು ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಕಿಟಕಿಯ ಕೆಳಪಟ್ಟಿಗೆ ದಬ್ಬಳ ಚುಚ್ಚಿ ನೋಡಿದೆ. ಒಂದು ಕಡೆ ಗಟ್ಟಿ ಮರ ತಡೆಯಿತು, ಇನ್ನೊಂದು ಕಡೆ ದಬ್ಬಳ ಹಿಡಿಯವರೆಗೂ ಇಳಿಯಿತು. ಕೊಳೆತದ್ದನ್ನೆಲ್ಲ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಜಾತಿಯ ಒಣ ಮರದ ತುಂಡನ್ನು ಎಳೆಯ ದಿಕ್ಕು ಹೊಂದುವಂತೆ ಕೂರಿಸಿದೆವು. ಬೆಸುಗೆಯ ಗೆರೆ ಓರೆಯಾಗಿದ್ದು ಹೊರಕ್ಕೆ ಇಳಿಯಬೇಕು. ಒಳಮುಖವಾಗಿ ಇಳಿದರೆ ಮಳೆನೀರು ಅಲ್ಲಿಯೇ ತಂಗಿ ಹೊಸ ತುಂಡೂ ಕೊಳೆಯುತ್ತದೆ. ಗಾಜಿನ ಸುತ್ತ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದ ಹಳೆಯ ಬಗೆಯ ಪುಟ್ಟಿ ಹಚ್ಚಿದೆ. ಅದರ ಮೇಲೆ ಬಣ್ಣ ಬಳಿಯಬೇಕಾದರೆ ಪುಟ್ಟಿಯ ಮೇಲೆ ಪೊರೆ ಕಟ್ಟುವವರೆಗೆ ಬಿಡಬೇಕು.

ಗೋಡೆ ಒಣಗಿತು ಎನಿಸಿದ ಮೇಲೆ ಸಂದುಗಳನ್ನು ಕೆದಕಿದೆವು. ಸಂದು ಎಷ್ಟು ಅಗಲವೋ ಅದರ ಎರಡರಷ್ಟಾದರೂ ಆಳಕ್ಕೆ ಕೆದಕಿದರೆ ಹೊಸ ಗಾರೆ ಹಿಡಿದುಕೊಳ್ಳುತ್ತದೆ. ಗಾರೆಗೆ ನೀರಿನಡಿ ಇಟ್ಟು ಹಣ್ಣಾಗಿಸಿದ ಸುಣ್ಣದ ಮುದ್ದೆಯನ್ನೇ ತಂದೆವು. ಸುಟ್ಟ ಸುಣ್ಣವನ್ನು ಮನೆಯಲ್ಲಿ ಅರಳಿಸುವುದು ಅಭ್ಯಾಸವಿಲ್ಲದವರ ಕೆಲಸವಲ್ಲ. ನೀರು ತಾಗಿದೊಡನೆ ಕುದಿಯುವಷ್ಟು ಶಾಖ ಹೊರಡುತ್ತದೆ. ಅರಳಿದ ಸುಣ್ಣವೂ ತೀಕ್ಷ್ಣ ಕ್ಷಾರ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು, ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇಲ್ಲದೆ ಕರಣೆ ಮುಟ್ಟಲಿಲ್ಲ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬ ಲೆಕ್ಕ ಎಲ್ಲೆಡೆ ಕೇಳಿಬರುತ್ತದೆ. ಏಕೆ ಮೂರು ಎಂಬುದನ್ನು ಆ ಹಿರಿಯರು ನೀರಿನಿಂದ ತೋರಿಸಿಕೊಟ್ಟರು. ಡಬ್ಬದ ತುಂಬ ಒಣ ಮರಳು ತುಂಬಿಸಿ, ಇನ್ನೊಂದು ಅಳತೆಯ ಪಾತ್ರೆಯಿಂದ ನೀರು ಸುರಿಯುತ್ತ ಹೋದರು. ನೀರು ಮರಳಿನ ಮೇಲ್ಮೈಗೆ ಬಂದು ಮಿನುಗುವಷ್ಟರಲ್ಲಿ ಡಬ್ಬದ ಮೂರನೇ ಒಂದು ಪಾಲಿನಷ್ಟು ನೀರು ಖರ್ಚಾಗಿತ್ತು. ಮರಳಿನ ಕಣಗಳ ನಡುವಿನ ಖಾಲಿ ಜಾಗ ಅಷ್ಟು. ಆ ಜಾಗ ತುಂಬಲು ಬೇಕಾದ ಸುಣ್ಣವೂ ಅಷ್ಟೇ. "ನಿಮ್ಮ ಮರಳು ಬೇರೆಯಾದರೆ ನಿಮ್ಮ ಲೆಕ್ಕವೂ ಬೇರೆ" ಎಂದರು. ಚೂಪು ಅಂಚಿನ, ದಪ್ಪ ಸಣ್ಣ ಕಣಗಳು ಬೆರೆತ, ಮಣ್ಣಿಲ್ಲದ ಮರಳು ಬೇಕು. ಗಾರೆಗೆ ನೀರು ಹೆಚ್ಚಿದಷ್ಟೂ ಒಣಗುವಾಗ ಬಿರಿಯುತ್ತದೆ. ಗಟ್ಟಿಯಾಗಿ ಕಂಡ ಮಿಶ್ರಣವೂ ಚೆನ್ನಾಗಿ ಕುಟ್ಟಿ ನಾದಿದರೆ ಬೆಣ್ಣೆಯಾಗುತ್ತದೆ, ನೀರು ಕೇಳುವುದಿಲ್ಲ.

ಕೆಳಗಿನ ಭಾಗಕ್ಕೆ ನುಣ್ಣಗೆ ಪುಡಿ ಮಾಡಿದ ಸುಟ್ಟ ಇಟ್ಟಿಗೆಯ ಸುರ್ಕಿಯನ್ನು ಸ್ವಲ್ಪ ಬೆರೆಸಿದೆವು. ಕಡಿಮೆ ಶಾಖದಲ್ಲಿ ಸುಟ್ಟ ಜೇಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾ ಸುಣ್ಣದೊಂದಿಗೆ ಸೇರಿ ತೇವದಲ್ಲೂ ಗಟ್ಟಿಯಾಗುವ ಗುಣ ಕೊಡುತ್ತವೆ. ಬರಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗುತ್ತದೆ. ಅದು ನಿಧಾನ, ಹೊರಗಿನಿಂದ ಒಳಕ್ಕೆ ಸಾಗುವ ಕೆಲಸ. ಆ ಕ್ರಿಯೆಗೆ ಸ್ವಲ್ಪ ತೇವವೂ ಬೇಕು.

ಇಟ್ಟಿಗೆಗೆ ನೀರು ಸಿಂಪಡಿಸಿ, ಅದು ಹೀರಿಕೊಂಡು ಮೇಲ್ಮೈ ಮಿನುಗು ಕಳೆದುಕೊಂಡಾಗ ಮೊದಲ ಪದರ ಎರಚಿ ಒತ್ತಿದೆವು. ಒಂದೊಂದು ಪದರ 10 ಮಿಲಿಮೀಟರ್ ಮೀರದಂತೆ ನೋಡಿಕೊಂಡೆವು. ಹಸಿಯಾಗಿರುವಾಗಲೇ ಅಡ್ಡಡ್ಡ ಗೀರು ಹಾಕಿದರೆ ಮುಂದಿನ ಪದರ ಕಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳದೆ ಉಗುರಿನ ಗುರುತು ಮಾತ್ರ ಮೂಡುವ ಹದಕ್ಕೆ ಬಂದಾಗ ಮರದ ಹಲಗೆಯಿಂದ ಉಜ್ಜಿ ಬಿಗಿಗೊಳಿಸಬೇಕು. ಎಳೆಬಿರುಕು ಆಗ ಮುಚ್ಚಿಕೊಳ್ಳುತ್ತವೆ. ಒದ್ದೆ ಗೋಣಿ ಇಳಿಬಿಟ್ಟು ಹಲವು ದಿನ ಹಸಿಯಾಗಿಯೇ ಇಟ್ಟೆವು.

ಮುಂದಿನ ಪದರಕ್ಕೆ ಗೋಡೆ ಸಿದ್ಧವೇ ಎಂದು ತಿಳಿಯಲು ಫಿನಾಲ್ಫ್ತಲೀನ್ ದ್ರಾವಣ ಬಳಸಿದೆ. ಮೂಲೆಯ ಚಿಕ್ಕ ತುಣುಕು ಮುರಿದು, ಮುರಿದ ಮುಖಕ್ಕೆ ಒಂದು ಹನಿ ಬಿಟ್ಟರೆ ಇನ್ನೂ ಕ್ಷಾರವಾಗಿರುವ ಸುಣ್ಣ ಗಾಢ ಗುಲಾಬಿಯಾಗುತ್ತದೆ, ಕಲ್ಲಾಗಿ ಬದಲಾದ ಭಾಗಕ್ಕೆ ಬಣ್ಣ ಏರುವುದಿಲ್ಲ. ತುಣುಕಿನ ಹೊರ ಅಂಚಿನಲ್ಲಿ ಬಣ್ಣ ಹಿಡಿಯದ ತೆಳು ಗೆರೆ, ಒಳಗೆಲ್ಲ ಗುಲಾಬಿ. ಕೆಲವು ವಾರ ಬಿಟ್ಟು ಇನ್ನೊಂದು ತುಣುಕು ನೋಡಿದಾಗ ಆ ಗೆರೆ ಅಗಲವಾಗಿತ್ತು. ಗೋಡೆ ಗಟ್ಟಿಯಾಗುವುದನ್ನು ಕಣ್ಣಾರೆ ನೋಡುವ ಇಂಥ ಅವಕಾಶ ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು.

ಮೇಲಿನ ಹಲಗೆಗಳ ಕಂದು ಕಲೆ ಹಳೆಯ ಸೋರಿಕೆಯದು. ಒಡೆದ ಹೆಂಚು ಬದಲಿಸಿ, ಮಳೆಯಲ್ಲಿ ಸೋರದಿರುವುದನ್ನು ಖಚಿತಪಡಿಸಿಕೊಂಡೆವು. ಇಂಥ ಕಲೆಯ ಮೇಲೆ ನೀರು ಬೆರೆಸುವ ಬಣ್ಣ ಎಷ್ಟು ಸಲ ಬಳಿದರೂ ಕಲೆ ಕರಗಿ ಮೇಲೆ ಬರುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಕಲೆ ಮತ್ತು ಮರದ ಗಂಟುಗಳ ಮೇಲೆ ಮಾತ್ರ ಹಚ್ಚಿ ಒಣಗಿಸಿದರೆ ತಡೆ ಬೀಳುತ್ತದೆ. ಬೂಷ್ಟನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿದೆವು. ಬ್ಲೀಚ್ ಬಳಸಲಿಲ್ಲ, ರಂಧ್ರಗಳಿರುವ ಗೋಡೆಯಲ್ಲಿ ಅದು ಕಪ್ಪನ್ನು ಬಿಳಿ ಮಾಡುವುದೇ ಹೆಚ್ಚು. ಬಳಸುವವರು ಅದನ್ನು ಆಮ್ಲ ಅಥವಾ ಅಮೋನಿಯಾ ಇರುವ ಯಾವುದರೊಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ.

ಮೇಲ್ಭಾಗದ ಗಟ್ಟಿ ಗಿಲಾವಿನ ಮೇಲೆ ಹಳೆಯ ಡಿಸ್ಟೆಂಪರ್ ಇತ್ತು. ಕೈ ಉಜ್ಜಿದರೆ ಅಂಗೈ ಬೆಳ್ಳಗಾಗುತ್ತಿತ್ತು. ಇದರ ಮೇಲೆ ಯಾವ ಬಣ್ಣವೂ ನಿಲ್ಲದು, ಏಕೆಂದರೆ ಹೊಸ ಬಣ್ಣ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಪುಡಿಯನ್ನು. ಬೆಚ್ಚನೆಯ ನೀರು, ಸ್ಪಂಜು, ಮತ್ತೆ ಮತ್ತೆ ಬದಲಿಸಿದ ಬಕೆಟ್ ನೀರು. ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಗೋಡೆಗೆ ಸುಣ್ಣವನ್ನೇ ಬಳಿಯುವುದು ಎಂಬ ತೀರ್ಮಾನ ಆಗಲೇ ಆಗಿತ್ತು. ಒಳಗೆ ಇನ್ನೂ ಉಳಿದಿರಬಹುದಾದ ತೇವ ಹೊರಬರಲು ದಾರಿ ಬೇಕು. ಪ್ಲಾಸ್ಟಿಕ್ ಪೊರೆಯಂಥ ಎಮಲ್ಷನ್ ಆ ದಾರಿಯನ್ನು ಕಿರಿದು ಮಾಡುತ್ತದೆ. ಸುಣ್ಣದ ಮುದ್ದೆಗೆ ನೀರು ಸೇರಿಸಿ ಹಾಲಿನಷ್ಟು ತೆಳುವಾಗಿ ಕದಡಿ, ಬಟ್ಟೆಯಲ್ಲಿ ಸೋಸಿದೆವು. ಬಣ್ಣಕ್ಕೆ ಕ್ಷಾರ ತಾಳಿಕೊಳ್ಳುವ ಹಳದಿ ಮಣ್ಣು ಮತ್ತು ಚಿಟಿಕೆ ಕೆಂಪು ಕಾವಿ. ಕಬ್ಬಿಣದ ಆಕ್ಸೈಡ್‌ಗಳು ಸುಣ್ಣದಲ್ಲಿ ಮಾಸುವುದಿಲ್ಲ, ಪ್ರಷ್ಯನ್ ನೀಲಿಯಂಥವು ಉಳಿಯುವುದಿಲ್ಲ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರಿದರೆ ಒಣಗಿದ ಮೇಲೆ ಕೈಗೆ ಹತ್ತುತ್ತದೆ. ಪುಡಿಯನ್ನು ಹಿಂದಿನ ದಿನವೇ ಬಿಸಿನೀರಿನಲ್ಲಿ ನೆನೆಸಿಟ್ಟರೆ ಗಂಟು ಉಳಿಯದೆ ಬೆರೆಯುತ್ತದೆ.

ಬಕೆಟ್‌ನಲ್ಲಿ ಕಾಣುವ ಬಣ್ಣವನ್ನು ನಂಬಬಾರದು, ಒಣಗಿದಾಗ ಬಹಳ ತಿಳಿಯಾಗುತ್ತದೆ. ಗಿಲಾವು ಮೆತ್ತಿದ ಹಲಗೆಯೊಂದಕ್ಕೆ ಬಳಿದು, ಪೂರ್ತಿ ಒಣಗಿಸಿ, ಬೆಳಿಗ್ಗೆ ಕಿಟಕಿಯ ಬಳಿ, ಸಂಜೆ ಕತ್ತಲಿನ ಮೂಲೆಯಲ್ಲಿ, ರಾತ್ರಿ ದೀಪದಡಿ ಇಟ್ಟು ನೋಡಿದೆವು. ಮೊದಲು ಮೆಚ್ಚಿದ ಗಾಢ ಹಳದಿ ಮೂಲೆಯಲ್ಲಿ ಮಂಕಾಗಿ ಕಂಡಿತು. ಅದರ ಅರ್ಧದಷ್ಟು ಬಣ್ಣ ಹಾಕಿದ್ದೇ ಗೆದ್ದಿತು.

ಗೋಡೆ ತುಸು ಒದ್ದೆ ಮಾಡಿಕೊಂಡು, ಅಗಲ ಬ್ರಷ್‌ನಿಂದ ಅಡ್ಡ ಉದ್ದ ಎಳೆಯುತ್ತ ತೆಳುವಾಗಿ ಬಳಿಯಬೇಕು. ಬಳಿದಾಗ ನೀರಿನಂತೆ ಪಾರದರ್ಶಕವಾಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ದಪ್ಪ ಮಾಡಿದರೆ ಮುಚ್ಚುತ್ತದೆ ಎಂಬ ಆಸೆಗೆ ಬೀಳಬಾರದು, ದಪ್ಪ ಸುಣ್ಣ ಹೊಪ್ಪಳೆಯಾಗಿ ಉದುರುತ್ತದೆ. ಮರುದಿನ ನೋಡಿದರೆ ಬಿಳುಪು ಮೂಡಿರುತ್ತದೆ. ಒಂದೊಂದು ಕೋಟಿನ ನಡುವೆ ಕನಿಷ್ಠ ಒಂದು ದಿನದ ಅಂತರ ಕೊಟ್ಟು, ಪ್ರತಿ ಸಲವೂ ಗೋಡೆ ಒದ್ದೆ ಮಾಡಿ, ಐದು ಕೋಟು ಬಳಿದೆವು. ಮೊದಲು ಮೇಲಿನ ಹಲಗೆ, ನಂತರ ಗೋಡೆ, ಕೊನೆಗೆ ಮರಗೆಲಸ ಎಂಬ ಕ್ರಮ ಬಿಡಲಿಲ್ಲ.

ಕಿಟಕಿಗೆ ಅಗಸೆ ಎಣ್ಣೆಯ ಬಣ್ಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಬೆಂಕಿಗೆ ಆಹ್ವಾನ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಶಾಖ ಹೊರಡುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ.

ಈಗ ಕಪಾಟು ಗೋಡೆಯಿಂದ ಒಂದು ಗೇಣು ಈಚೆಗೆ ನಿಂತಿದೆ, ಹಿಂದೆ ಗಾಳಿ ಆಡಲಿ ಎಂದು. ಗೋಡೆಯ ಮೇಲೆ ತೇವಾಂಶ ಮಾಪಕವೊಂದನ್ನು ತೂಗುಹಾಕಿದ್ದೇನೆ. ಅದು ಶೇಕಡಾ 65 ದಾಟಿದಾಗ, ಹೊರಗಿನ ಗಾಳಿ ಒಳಗಿಗಿಂತ ಒಣಗಿದ್ದರೆ ಕಿಟಕಿ ತೆರೆಯುತ್ತೇವೆ. ಕೆಳಗಿನ ಪಟ್ಟಿಯಲ್ಲಿ ಒಂದು ಕಡೆ ಸ್ವಲ್ಪ ಉಪ್ಪು ಮತ್ತೆ ಮೂಡಿದೆ, ಅದು ನಿರೀಕ್ಷಿಸಿದ್ದೇ. ಒಣ ಬ್ರಷ್‌ನಿಂದ ಉದುರಿಸುತ್ತಿದ್ದೇನೆ, ಪ್ರತಿ ಸಲವೂ ಕಡಿಮೆಯಾಗುತ್ತಿದೆ. ಉಳಿದ ಸುಣ್ಣದ ಹಾಲನ್ನು ಮುಚ್ಚಳ ಬಿಗಿದ ಬಕೆಟ್‌ನಲ್ಲಿ ಇಟ್ಟಿದ್ದೇನೆ. ತಳದಲ್ಲಿ ಸುಣ್ಣ ಕೂತು ಮೇಲೆ ನೀರು ನಿಂತಿರುವವರೆಗೆ ಕೆಡುವುದಿಲ್ಲ. ಉಪ್ಪು ಪೂರ್ತಿ ನಿಂತ ಮೇಲೆ ಆ ತೇಪೆಗೆ ಇನ್ನೆರಡು ಕೋಟು ಬಳಿಯಬೇಕು. ಅಷ್ಟರೊಳಗೆ ಬಾಗಿಲಿನ ಚೌಕಟ್ಟಿನ ಹೆರೆಯುವ ಕೆಲಸ ಶುರುಮಾಡುತ್ತೇವೆ.